ಗಿಡಮರಗಳ ಹೆಸರೂ ನಮ್ಮ ಹೆಣ್ಣುಮಕ್ಕಳ ವಿದ್ಯೆಯೂ

ಶಾಲೆಯಲ್ಲಿ ಕಲಿಸತಕ್ಕ ಶಾಸ್ತ್ರಗಳ ಪೈಕಿ ಸಸ್ಯಶಾಸ್ತ್ರವು ಹೆಣ್ಣುಮಕ್ಕಳಿಗೆ ಒಪ್ಪುವ ಸುಲಭವಾದ ವಿದ್ಯೆಯೆಂದು ಎಣಿಸುವ ವಾಡಿಕೆಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಹೂವು, ಎಲೆ, ಬಳ್ಳಿ ಇವು ಕೋಮಲವಾದ ವಸ್ತುಗಳು. ಅವುಗಳನ್ನು ನೋಡಿ ಅಂದವಾದ ಚಿತ್ರವನ್ನು ಬರೆದರೆ ಪಾಠವು ಮುಗಿದಂತೆಯೇ ಎಂದು ಹಲವರು ಭಾವಿಸುವರು. ಆ ಶಾಸ್ತ್ರದಲ್ಲಿಯೇ ವರ್ಗೀಕರಣವೆಂಬ ಭಾಗವು ಬಂದಿತೆಂದರೆ ಮಾತು ಬೇರೆಯಾಗುವುದು. ಲ್ಯಾಟಿನ್ ಹೆಸರುಗಳ ಆ ಪಟ್ಟಿಯು ನೀರಸವಾದುದು, ಪರೀಕ್ಷೆಯ ತನಕ ಬಾಯಿಪಾಠ ಮಾಡಿ ಮರುದಿನವೇ ಮರೆಯತಕ್ಕುದು ಎಂದು ಮಕ್ಕಳೂ ಹೇಳುವರು, ಅವರ ತಾಯ್ತಂದೆಗಳೂ ಹೇಳುವರು. ಈ ಎರಡು ಅಭಿಪ್ರಾಯಗಳೂ ಸರಿಯಲ್ಲವೆಂಬುದು ನಮ್ಮ ನಂಬುಗೆ. ಗಿಡಗಳನ್ನು ಗುರುತಿಸಿ, ಹೆಸರಿಟ್ಟು, ಅವುಗಳ ನಂಟುತನವನ್ನು ಕಂಡುಹಿಡಿಯುವ ಕೆಲಸವು ನಮ್ಮ ದೇಶದಲ್ಲಿ ಹೇಗೆ ಬೆಳೆಯಿತೆಂಬುದನ್ನು ಒಂದಿಷ್ಟು ವಿಚಾರಿಸಿದರೆ ಈ ವಿದ್ಯೆಯ ಬೆಲೆಯೂ, ಅದರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಇರಬೇಕಾದ ಪಾಲೂ ತಾನಾಗಿಯೇ ತಿಳಿದುಬರುವುದು.

ಭಾರತದಲ್ಲಿ ಈ ಕೆಲಸವು ಅನ್ಯರಿಂದ ಆರಂಭವಾದುದಲ್ಲ. ಚರಕಸಂಹಿತೆಯಲ್ಲಿ ಸಸ್ಯಗಳನ್ನು ನಾಲ್ಕಾಗಿ ವಿಂಗಡಿಸಿರುವರು. ಹೂ ಕಾಣದೆಯೇ ಹಣ್ಣು ಬಿಡುವಂಥವು ವನಸ್ಪತಿಗಳು; ಹೂವನ್ನೂ ಹಣ್ಣನ್ನೂ ಬಿಡುವಂಥವು ವಾನಸ್ಪತ್ಯಗಳು; ಫಲ ಮಾಗಿದೊಡನೆ ಸಾಯುವಂಥವು ಓಷಧಿಗಳು; ಹಬ್ಬಿ ಹರಡುವಂಥವು ವೀರುಧಗಳು. ಈ ವಿಂಗಡಣೆಯು ಕಣ್ಣಿಟ್ಟು ನೋಡಿದವರದೇ ಹೊರತು ಊಹಿಸಿ ಬರೆದವರದಲ್ಲ. ಬತ್ತ, ರಾಗಿ ಮೊದಲಾದ ಪೈರುಗಳು ತೆನೆ ಮಾಗಿದ ಮೇಲೆ ಒಣಗುವುದನ್ನು ಯಾವ ರೈತನು ಅರಿಯನು? ಆಲ, ಅರಳಿ, ಅತ್ತಿಗಳಲ್ಲಿ ಹೂ ಕಾಣದಿರುವುದೂ ಎಲ್ಲರ ಅನುಭವದ ಮಾತೇ ಆಗಿದೆ. ಅಪರೂಪದ ವಸ್ತುವನ್ನು ಅತ್ತಿಯ ಹೂವೆಂದು ಕರೆಯುವ ರೂಢಿಯು ನಮ್ಮ ಮನೆಮಾತಿನಲ್ಲಿಯೂ ಉಂಟಷ್ಟೆ. ಅತ್ತಿಯ ಹೂಗಳು ಕಾಯಿಯಂತೆ ತೋರುವ ಆ ದುಂಡನೆಯ ಕೋಶದ ಒಳಗೋಡೆಯಲ್ಲಿ ನೂರಾರಾಗಿ ಅಡಗಿರುವುವೆಂದೂ, ಅತಿಸಣ್ಣ ಕಣಜವೊಂದು ಒಳಹೊಕ್ಕು ಪರಾಗವನ್ನು ಮುಟ್ಟಿಸುವುದೆಂದೂ ಇಂದಿನ ಶಾಸ್ತ್ರವು ತಿಳಿಸಿರುವುದು. ಹಳಬರು ಕಂಡುದು ನಿಜ. ಕಾಣದೆ ಉಳಿದುದನ್ನು ಮುಂದಿನವರು ಕಂಡರು. ಶಾಸ್ತ್ರವು ಬೆಳೆಯುವ ಬಗೆಯೇ ಇದು.

ಚರಕರು ಔಷಧದ್ರವ್ಯಗಳನ್ನು ಅವುಗಳ ಗುಣಕ್ಕನುಸಾರವಾಗಿ ಹತ್ತು ಹತ್ತರ ೫೦ ಗುಂಪುಗಳಾಗಿಯೂ, ಸುಶ್ರುತರು ೩೭ ಗಣಗಳಾಗಿಯೂ ಏರ್ಪಡಿಸಿದರು. ರೋಗವನ್ನು ಕಳೆಯುವುದೇ ವೈದ್ಯರ ಉದ್ದೇಶವಾದುದರಿಂದ ಅವರ ವಿಂಗಡಣೆಯು ಉಪಯೋಗವನ್ನು ಅನುಸರಿಸಿತು. ನಾವು ಗಿಡವನ್ನು ಯಾವ ಪ್ರಶ್ನೆ ಕೇಳುವೆವೋ ಅದಕ್ಕೆ ತಕ್ಕ ವರ್ಗೀಕರಣವು ದೊರೆಯುವುದು. ಕಾಡಿನಲ್ಲಿ ಮೂಲಿಕೆಗಳ ಹೆಸರನ್ನೂ ರೂಪವನ್ನೂ ಬಲ್ಲವರು ಆಡು ಕುರಿ ಮೇಯಿಸುವವರು, ಗೋವಳರು, ವನವಾಸಿಗಳು ಎಂದು ಚರಕಸಂಹಿತೆಯೇ ಒಪ್ಪಿಕೊಳ್ಳುವುದು. ಹೆಸರು ಬಲ್ಲ ಮಾತ್ರಕ್ಕೆ ಪ್ರಯೋಗವನ್ನು ಬಲ್ಲಂತಾಗದೆಂಬುದನ್ನೂ ಜೊತೆಗೇ ಹೇಳಿರುವುದು. ಓದಿದವರ ವಿದ್ಯೆಯು ಓದದವರ ತಿಳಿವಳಿಕೆಯಿಂದ ಸಾಲ ಪಡೆದಿದೆಯೆಂಬ ಈ ಮಾತನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದಿನ ಚರಿತ್ರೆಯೆಲ್ಲ ಇದಕ್ಕೆ ಸಾಕ್ಷಿಯಾಗಿ ನಿಂತಿರುವುದು.

ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬವನು ಮಲಬಾರಿನ ಸಸ್ಯಗಳನ್ನು ಕುರಿತು ಒಂದು ಮಹಾಗ್ರಂಥವನ್ನು ಸಿದ್ಧಪಡಿಸಿದನು. ‘ಹೋರ್ಟಸ್ ಮಲಬಾರಿಕಸ್’ ಎಂಬ ಈ ಲ್ಯಾಟಿನ್ ಗ್ರಂಥವು ೧೬೭೮ರಿಂದ ೧೬೯೩ರ ವರೆಗೆ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ೧೨ ಸಂಪುಟಗಳಾಗಿ ಅಚ್ಚಾಯಿತು. ಸುಮಾರು ೭೪೦ ಸಸ್ಯಗಳ ವರ್ಣನೆಯೂ ದೊಡ್ಡ ಚಿತ್ರಗಳೂ ಅದರಲ್ಲಿರುವುವು. ಅವುಗಳ ಗುಣಗಳನ್ನೂ ಹೆಸರುಗಳನ್ನೂ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರೂ ಆಗಿದ್ದರು. ಇವರು ೧೬೭೫ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಗ್ರಂಥದ ಮೊದಲ ಸಂಪುಟದಲ್ಲಿಯೇ ಅಚ್ಚಾಗಿರುವುವು. ಕ್ರೈಸ್ತ ಸಂನ್ಯಾಸಿ, ಡಚ್ ಪಾದ್ರಿ, ಈಳವ ವೈದ್ಯ, ಕೊಂಕಣಿ ಪಂಡಿತರು ಇವರೆಲ್ಲರೂ ಒಂದೇ ಗ್ರಂಥಕ್ಕಾಗಿ ದುಡಿದ ಈ ಸಂಗತಿಯು ಇಂದಿಗೂ ನೆನೆಯತಕ್ಕುದಾಗಿದೆ.

ಆ ಗ್ರಂಥವನ್ನು ಸ್ವೀಡನ್ ದೇಶದ ಲಿನೇಯಸನು ಆಧಾರವಾಗಿ ಇಟ್ಟುಕೊಂಡನು. ೧೭೫೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ಪ್ರತಿ ಸಸ್ಯಕ್ಕೂ ಎರಡೇ ಪದಗಳ ಹೆಸರಿಡುವ ಪದ್ಧತಿಯನ್ನು ಎಲ್ಲ ಸಸ್ಯಗಳಿಗೂ ಅನ್ವಯಿಸಿದನು. ಮೊದಲ ಪದವು ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ತಿಳಿಸುವುದು. ಮಲಬಾರಿನ ಎಷ್ಟೋ ಹೆಸರುಗಳು ಈ ದಾರಿಯಿಂದ ಜಗತ್ತಿನ ಶಾಸ್ತ್ರಭಾಷೆಯನ್ನು ಹೊಕ್ಕುವು. ನಮ್ಮ ಹಿತ್ತಿಲ ಚಪ್ಪರಕ್ಕೆ ಹಬ್ಬುವ ಬಸಳೆಯನ್ನು ಇಂದು ಜಗತ್ತಿನ ಶಾಸ್ತ್ರಜ್ಞರೆಲ್ಲರೂ ಬಾಸೆಲ್ಲ ಎಂದು ಕರೆಯುವರು. ಲ್ಯಾಟಿನ್ನಿನ ವೇಷ ತೊಟ್ಟಿರುವ ಈ ಪದವು ಮಲಯಾಳದ ಮನೆಮಾತೇ ಹೊರತು ಬೇರೆಯಲ್ಲ. ನಮ್ಮ ಕನ್ನಡದ ಮಾತಿನ ಸೋದರಿ. ಆ ಹೆಸರನ್ನು ಕಂಠಪಾಠ ಮಾಡುವ ಬಾಲಿಕೆಗೆ ಇದನ್ನು ಹೇಳಿಕೊಟ್ಟರೆ ಪಾಠವು ನೀರಸವಾಗುವುದೆಂತು?

ಲಿನೇಯಸನ ಶಿಷ್ಯನಾದ ಕೋನಿಗ್ ಎಂಬ ವೈದ್ಯನು ೧೭೬೮ರಲ್ಲಿ ತರಂಗಂಬಾಡಿಯ ಡೇನಿಷ್ ಮಿಶನ್ನಿಗೆ ಬಂದು ಸೇರಿದನು. ಅವನಿಂದ ಹೊಸ ಪದ್ಧತಿಯನ್ನು ಕಲಿತು ಅಲ್ಲಿಯ ಪಾದ್ರಿಗಳೂ ಗಿಡಗಳನ್ನು ಕೂಡಿಸತೊಡಗಿದರು. ಅವರಲ್ಲಿ ರಾಟ್ಲರ್ ಎಂಬವರು ಮುಂದೆ ತಮಿಳು ನಿಘಂಟನ್ನೂ ರಚಿಸಿದರು. ಪದಗಳನ್ನು ಕೂಡಿಸುವವರೂ ಗಿಡಗಳನ್ನು ಕೂಡಿಸುವವರೂ ಒಬ್ಬರೇ ಆಗಿದ್ದುದು ಆಕಸ್ಮಿಕವಲ್ಲ. ಎರಡು ಕೆಲಸಕ್ಕೂ ಜನರ ಬಾಯಿಂದ ಹೆಸರನ್ನು ಕೇಳಿ ತಿಳಿಯುವ ತಾಳ್ಮೆಯೇ ಬಂಡವಾಳ. ಕೋನಿಗನ ಪರಿಚಯದಲ್ಲಿ ಬೆಳೆದ ರಾಕ್ಸ್‌ಬರಿಯು ೧೭೯೩ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಪತಿಯಾದನು. ಆತನ ‘ಫ್ಲೋರಾ ಇಂಡಿಕ’ವು ಆತನು ತೀರಿಕೊಂಡ ತರುವಾಯ ಅಚ್ಚಾಯಿತು. ಅದನ್ನು ಪರಿಷ್ಕರಿಸಿ ೧೮೨೦ರಿಂದ ಮುಂದಕ್ಕೆ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದವರು ವಿಲಿಯಂ ಕೇರಿಯವರು. ಕನ್ನಡದ ವ್ಯಾಕರಣವೊಂದನ್ನು ೧೮೧೭ರಲ್ಲಿ ಪ್ರಕಟಿಸಿದವರೂ ಇವರೇ ಎಂಬುದು ನಮ್ಮವರಿಗೆ ನೆನಪಿರಬಹುದು.

ಲಿನೇಯಸನ ಪದ್ಧತಿಯಲ್ಲಿ ಒಂದು ಕೊರತೆಯಿದ್ದಿತು. ಮುಖ್ಯವಾಗಿ ಕೇಸರಗಳ ಸಂಖ್ಯೆಯನ್ನು ಎಣಿಸಿ ಆತನು ಸಸ್ಯಗಳನ್ನು ೨೪ ವರ್ಗಗಳಾಗಿ ಮಾಡಿದ್ದನು. ಎಣಿಕೆ ಸುಲಭವಾದುದು, ಆದರೆ ಒಂದೇ ಸಂಖ್ಯೆಯ ಕೇಸರಗಳಿರುವ ಮಾತ್ರಕ್ಕೆ ಎರಡು ಗಿಡಗಳು ನಂಟರಾಗಲಾರವು. ಆದುದರಿಂದ ಹೂವು, ಕಾಯಿ, ಬೀಜ, ಎಲೆ ಎಲ್ಲವನ್ನೂ ಕೂಡಿಸಿ ನೋಡುವ ಸ್ವಾಭಾವಿಕ ಪದ್ಧತಿಯು ಹುಟ್ಟಿತು. ದಕ್ಷಿಣ ಭಾರತದ ಸಸ್ಯಗಳನ್ನು ಈ ಪದ್ಧತಿಯಂತೆ ೧೮೩೪ರಲ್ಲಿ ವಿವರಿಸಿದವರು ರಾಬರ್ಟ್ ವೈಟ್ ಮತ್ತು ಆರ್ನಟ್. ವೈಟನು ೧೮೫೩ರ ಹೊತ್ತಿಗೆ ಎರಡು ಸಾವಿರಕ್ಕೂ ಮಿಕ್ಕಿದ ಸಸ್ಯಚಿತ್ರಗಳನ್ನು ಪ್ರಕಟಿಸಿದನು. ಅವಕ್ಕೆ ಮೂಲವನ್ನು ಬರೆದುಕೊಟ್ಟವರಲ್ಲಿ ಪ್ರಮುಖರು ರಂಗಯ್ಯ ಮತ್ತು ಗೋವಿಂದು ಎಂಬ ನಮ್ಮ ದೇಶದ ಚಿತ್ರಕಾರರು. ವೈಟನು ಒಂದು ಸೀತಾಳೆಯ ಜಾತಿಗೆ ಗೋವಿಂದುವಿನ ಹೆಸರನ್ನೇ ಇಟ್ಟನು. ಆದರೆ ರಾಕ್ಸ್‌ಬರಿಗಾಗಿ ಸುಮಾರು ೨,೫೦೦ ಚಿತ್ರಗಳನ್ನು ಬರೆದ ಕಲಾವಿದರ ಹೆಸರುಗಳು ಲೋಕಕ್ಕೆ ತಿಳಿದಿಲ್ಲ. ಕೆಲಸವು ಉಳಿಯಿತು, ಕೈಗಳು ಮರೆಯಾದುವು.

ಅನಂತರ ಜೋಸೆಫ್ ಹೂಕರನು ಅನೇಕರ ನೆರವಿನಿಂದ ೧೮೭೨ರಿಂದ ೧೮೯೭ರ ವರೆಗೆ ಏಳು ಸಂಪುಟಗಳಲ್ಲಿ ಭಾರತದ ಸಸ್ಯಸಂಪತ್ತನ್ನು ವಿವರಿಸಿದನು. ಸುಮಾರು ೧೪,೦೦೦ ಪ್ರಭೇದಗಳು ಅದರಲ್ಲಿ ಸೇರಿರುವುವು. ಬೆಂಥಾಮನೊಡನೆ ಈತನು ರೂಪಿಸಿದ ವರ್ಗೀಕರಣವನ್ನೇ ನಮ್ಮ ಕಾಲೇಜುಗಳಲ್ಲಿ ತಲೆತಲಾಂತರದಿಂದ ಕಲಿಸುತ್ತ ಬಂದಿರುವರು. ಭಾರತೀಯ ಸಸ್ಯ ಸರ್ವೇಕ್ಷಣೆಯೆಂಬ ಇಲಾಖೆಯು ೧೮೯೦ರಲ್ಲಿ ಸ್ಥಾಪಿತವಾಯಿತು. ಹೌರಾದಲ್ಲಿರುವ ಅದರ ಸಸ್ಯಸಂಗ್ರಹದಲ್ಲಿ ಒಣಗಿಸಿ ಹಾಳೆಗಂಟಿಸಿದ ಮಾದರಿಗಳು ಸುಮಾರು ೨೦ ಲಕ್ಷ ಇರುವುವು. ನಮ್ಮ ಕನ್ನಡ ನಾಡೂ ಈ ಚರಿತ್ರೆಯಿಂದ ಹೊರಗುಳಿಯಲಿಲ್ಲ. ಸಸ್ಯಗಳ ಉಪಯೋಗವನ್ನು ತಿಳಿಸುವ ಕನ್ನಡ ಪುಸ್ತಕವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ನಮ್ಮ ಎಷ್ಟೋ ಗಿಡಗಳ ಹೆಸರಿಗೆ ಎದುರಾಗಿ ಅವುಗಳ ಶಾಸ್ತ್ರೀಯ ನಾಮಗಳು ದೊರೆಯುವುವು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸೆಸಿಲ್ ಸಲ್ಡಾನ್ಹಾ ಅವರು ನಿಕಲ್ಸನ್ ಎಂಬ ವಿದ್ವಾಂಸರೊಡನೆ ೧೯೭೬ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥವನ್ನು ಪ್ರಕಟಿಸಿದರು. ಅದೇ ವರ್ಷ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕನ್ನಡಿಗರ ಕೈಸೇರಿ, ಶಿಷ್ಯರನ್ನು ಕಾಡಿಗೆ ಕರೆದೊಯ್ದು ಕಲಿಸುವ ಪಾಠವು ಎಷ್ಟು ರಸವತ್ತಾಗಿರಬಲ್ಲದೆಂಬುದನ್ನು ತೋರಿಸಿಕೊಟ್ಟಿತು.

ಇಲ್ಲಿಯ ತನಕ ಬಂದ ಹೆಸರುಗಳನ್ನು ವಾಚಕರು ಮತ್ತೊಮ್ಮೆ ನೋಡಬೇಕು. ವೈದ್ಯರು, ಪಾದ್ರಿಗಳು, ಅಧಿಕಾರಿಗಳು, ಚಿತ್ರಕಾರರು ಇರುವರು, ಸ್ತ್ರೀಯೊಬ್ಬಳೂ ಇಲ್ಲ. ಗಿಡಮೂಲಿಕೆಗಳ ತಿಳಿವಳಿಕೆಯು ಸ್ತ್ರೀಯರಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. ಮಳೆಗಾಲದಲ್ಲಿ ಬೇಲಿಯಂಚಿನ ಸೊಪ್ಪುಗಳಲ್ಲಿ ತಿನ್ನತಕ್ಕುದಾವುದು, ತಿನ್ನಬಾರದುದಾವುದು ಎಂದು ಆರಿಸಿ ತರುವವರು ಹೆಂಗಸರೇ. ಬಾಣಂತಿಗೆ ಯಾವ ಬೇರು, ಮಗುವಿನ ಕೆಮ್ಮಿಗೆ ಯಾವ ಎಲೆ ಎಂದು ಬಲ್ಲವರೂ ಅವರೇ. ಅವರಿಗೆ ಇಲ್ಲದಿದ್ದುದು ಲೇಖನಿಯೂ, ಮನೆಯ ಹೊಸ್ತಿಲು ದಾಟಿ ಬೆಟ್ಟ ಹತ್ತುವ ಸ್ವಾತಂತ್ರ್ಯವೂ. ಅದು ದೊರೆತೊಡನೆ ಆದುದೇನೆಂಬುದಕ್ಕೆ ಜಾನಕಿ ಅಮ್ಮಾಳರ ಜೀವನವೇ ಉತ್ತರ. ೧೮೯೭ರಲ್ಲಿ ತಲಚೇರಿಯಲ್ಲಿ ಹುಟ್ಟಿದ ಈಕೆ ಮದ್ರಾಸಿನಲ್ಲಿ ಓದಿ, ಅಲ್ಲಿಯ ಮಹಿಳಾ ಕ್ರಿಶ್ಚಿಯನ್ ಕಾಲೇಜಿನಲ್ಲಿ ಉಪಾಧ್ಯಾಯಿನಿಯಾಗಿ, ಅಮೆರಿಕಾದ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ೧೯೩೧ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ದುಡಿದರು. ಕೃಷಿಸಸ್ಯಗಳ ಕ್ರೋಮೋಸೋಮುಗಳನ್ನು ಕುರಿತು ಡಾರ್ಲಿಂಗ್‌ಟನ್ ಅವರೊಡನೆ ೧೯೪೫ರಲ್ಲಿ ಪ್ರಕಟಿಸಿದ ಗ್ರಂಥದಿಂದ ಲೋಕವಿಖ್ಯಾತರಾದರು. ಸ್ವತಂತ್ರ ಭಾರತದಲ್ಲಿ ಕುಂದಿಹೋಗಿದ್ದ ಸಸ್ಯ ಸರ್ವೇಕ್ಷಣೆಯನ್ನು ಪುನರ್ರಚಿಸುವ ಹೊಣೆಯನ್ನು ಜವಾಹರಲಾಲ ನೆಹರೂ ಅವರು ಒಪ್ಪಿಸಿದುದು ಈಕೆಗೇ. ಮದುವೆಯೇ ಹೆಣ್ಣಿನ ಗುರಿಯೆಂದು ಸಾರುತ್ತಿದ್ದ ಕಾಲದಲ್ಲಿ ಓದನ್ನು ಆರಿಸಿಕೊಂಡ ಒಬ್ಬ ಹೆಣ್ಣುಮಗಳಿಂದ ದೇಶಕ್ಕೆ ಆದ ಲಾಭವಿದು. ಹಾಗೆ ಆರಿಸಿಕೊಳ್ಳಲು ಬಿಡದೆ ಹೋದ ಮನೆಗಳಲ್ಲಿ ಆದ ನಷ್ಟವನ್ನು ಲೆಕ್ಕ ಹಾಕುವವರಾರು?

ಇನ್ನು, ವರ್ಗೀಕರಣವು ಎಂದೋ ಮುಗಿದುಹೋದ ಪಟ್ಟಿಯೆಂಬ ಭ್ರಮೆಯನ್ನು ನೀಗಿಸಲು ಒಂದೇ ಉದಾಹರಣೆ ಸಾಕು. ಕೆರೆಯ ತಾವರೆಯನ್ನೂ ನೈದಿಲೆಯನ್ನೂ ಹೂಕರನು ಒಂದೇ ಕುಟುಂಬದಲ್ಲಿ ಇಟ್ಟನು. ಎರಡೂ ನೀರಿನಲ್ಲಿ ಬೆಳೆಯುವುವು, ಎರಡರ ಹೂವಿಗೂ ಎಸಳು ಬಹಳ. ಆದರೆ ಕೆರೆಯ ಬದಿಯ ಮಕ್ಕಳು ಇವೆರಡನ್ನೂ ಬೇರೆ ಬೇರೆಯಾಗಿಯೇ ಬಲ್ಲರು. ತಾವರೆಯ ಬೆಳೆದ ಎಲೆ ಸೀಳಿಲ್ಲದ ದುಂಡುತಟ್ಟೆ, ನೀರಿನಿಂದ ಮೇಲೆದ್ದು ನಿಲ್ಲುವುದು. ನೈದಿಲೆಯ ಎಲೆಗೆ ಬುಡದಲ್ಲಿ ಸೀಳುಂಟು, ಅದು ನೀರಿನ ಮೇಲೆ ತೇಲುವುದು. ಪರಾಗದ ಕಣಗಳ ರಚನೆಯೂ ಬೇರೆ. ಕಡೆಗೆ ಸಸ್ಯಕೋಶಗಳಲ್ಲಿರುವ ಡಿ.ಎನ್.ಎ.ಯನ್ನು ಹೋಲಿಸಿ ೧೯೯೮ರಲ್ಲಿ ಹೊಸ ವರ್ಗೀಕರಣವನ್ನು ಪ್ರಕಟಿಸಿದಾಗ ತಾವರೆಯು ನೈದಿಲೆಯಿಂದ ಬಹುದೂರ ಸರಿಯಿತು. ಅದರ ನಿಜವಾದ ನಂಟರು ಕಾಶ್ಮೀರದ ಚಿನಾರ್ ಮರವೂ, ನಮ್ಮ ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗಾಗಿ ನೆಡುವ ಸಿಲ್ವರ್ ಓಕ್ ಮರವೂ ಆಗಿರುವುವು. ಜಲಜೆಯ ಬಂಧುಗಳು ಬೆಟ್ಟದ ಮರಗಳೆಂದರೆ ಯಾರಿಗೆ ಸೋಜಿಗವಾಗದು? ಮಹಾವಿದ್ವಾಂಸನಾದ ಹೂಕರನ ತೀರ್ಮಾನವನ್ನೂ ತಿದ್ದಬಹುದಾದರೆ, ನಮ್ಮ ಬಾಲಿಕೆಯರು ಇದನ್ನು ಬಾಯಿಪಾಠ ಮಾಡಿ ಸುಮ್ಮನಾಗುವುದೇಕೆ?

ಈ ವಿಷಯದಲ್ಲಿ ನಮ್ಮವರಲ್ಲಿ ಎರಡು ಪಕ್ಷಗಳಿರುವುವು. ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತು, ಹೊರಗಿನಿಂದ ಕಲಿಯಬೇಕಾದುದಿಲ್ಲವೆಂಬುದು ಒಂದು. ಪಾಶ್ಚಾತ್ಯರು ಬರುವ ಮುನ್ನ ಇಲ್ಲಿ ಶಾಸ್ತ್ರವೇ ಇರಲಿಲ್ಲವೆಂಬುದು ಇನ್ನೊಂದು. ಮೇಲೆ ಹೇಳಿದ ಚರಿತ್ರೆಯು ಎರಡನ್ನೂ ಖಂಡಿಸುವುದು. ಇಟ್ಟಿ ಅಚ್ಯುತನ್ ಇಲ್ಲದೆ ರೀಡನ ಗ್ರಂಥವಿಲ್ಲ. ರೀಡನ ಗ್ರಂಥವಿಲ್ಲದೆ ಇಟ್ಟಿ ಅಚ್ಯುತನ ವಿದ್ಯೆಯು ಅವನ ಊರನ್ನು ದಾಟಿ ಹೋಗುತ್ತಿರಲಿಲ್ಲ. ಆದರೆ ಈ ಕೊಡುಕೊಳೆಯು ಸಮಾನರ ನಡುವೆ ಆದುದಲ್ಲವೆಂಬುದನ್ನೂ ಮುಚ್ಚಿಡಬಾರದು. ನಮ್ಮ ಸಸ್ಯಗಳ ಅನೇಕ ಮೂಲ ಮಾದರಿಗಳು ಯೂರೋಪಿನ ಸಂಗ್ರಹಗಳಲ್ಲಿಯೇ ಉಳಿದಿರುವುವು. ನಮ್ಮ ಹಳ್ಳಿಯ ಗಿಡದ ನಿಜವನ್ನು ತಿಳಿಯಲು ಕಡಲಾಚೆ ಹೋಗಬೇಕಾದ ಸ್ಥಿತಿಯು ನಮ್ಮ ವಿದ್ವಾಂಸರಿಗೆ ಬಹುಕಾಲ ಇದ್ದಿತು. ಕೃತಜ್ಞತೆಯೂ ಸ್ವಾಭಿಮಾನವೂ ಕೂಡಿ ಇರಬಲ್ಲುವು. ಎರಡನ್ನೂ ಮಕ್ಕಳಿಗೆ ಕಲಿಸಬೇಕು.

ಇದರಿಂದ ಮನೆಗೇನು ಪ್ರಯೋಜನವೆಂದು ತಾಯಂದಿರು ಕೇಳಬಹುದು. ಪ್ರಯೋಜನವು ಅಡಿಗೆಮನೆಯಲ್ಲಿಯೇ ಉಂಟು. ನಾವು ಚಟ್ನಿ ತಂಬುಳಿಗಳಿಗೆ ಬಳಸುವ ಒಂದೆಲಗವನ್ನು ಬ್ರಾಹ್ಮಿಯೆಂದು ಕರೆಯುವರು. ನೀರಬ್ರಾಹ್ಮಿಯೆಂಬ ಬೇರೊಂದು ಮೂಲಿಕೆಗೂ ದೇಶದ ಅನೇಕ ಕಡೆ ಅದೇ ಹೆಸರು. ಮೊದಲನೆಯದು ಕೊತ್ತಂಬರಿ ಜೀರಿಗೆಗಳ ಕುಟುಂಬಕ್ಕೆ ಸೇರಿದುದು, ಎರಡನೆಯದು ಅದಕ್ಕೆ ಸಂಬಂಧವೇ ಇಲ್ಲದ ಕುಟುಂಬದ್ದು. ಹಾಗೆಯೇ ಹೆಂಗಸರ ವ್ಯಾಧಿಗಳಿಗೆ ಔಷಧವಾಗಿ ಹೆಸರಾದ ಅಶೋಕವು ಹುಣಿಸೆಯ ಬಳಗದ ಮರ. ಬೀದಿಯ ಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆದು ಅಶೋಕವೆನಿಸಿಕೊಳ್ಳುವ ಮರವು ಸೀತಾಫಲದ ಬಳಗದ್ದು. ಇದರ ತೊಗಟೆಯನ್ನು ಅದರ ತೊಗಟೆಯೊಡನೆ ಬೆರಸಿ ಮಾರುವುದೂ ಉಂಟು. ಮೋಸವು ನಡೆಯುವುದು ಹೆಸರಿನ ಮರೆಯಲ್ಲಿ. ಅದನ್ನು ತಡೆಯುವುದು ಸರಿಯಾದ ಗುರುತು. ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳೊಡನೆ ವಿಷದ ಉಮ್ಮತ್ತಿಯೂ ಒಂದೇ ಕುಟುಂಬದಲ್ಲಿರುವುದನ್ನು ಹೂವಿನಿಂದ ಗುರುತಿಸಬಲ್ಲ ಬಾಲಿಕೆಯು ತನ್ನ ತಮ್ಮ ತಂಗಿಯರನ್ನು ಕಾಪಾಡಬಲ್ಲಳು. ಮನೆಮಾತಿನ ಹೆಸರು ನಮ್ಮನ್ನು ಅಜ್ಜಿಯೊಡನೆ ಕೂಡಿಸುವುದು. ಶಾಸ್ತ್ರದ ಹೆಸರು ಲೋಕದೊಡನೆ ಕೂಡಿಸುವುದು. ಒಂದನ್ನು ಕಲಿಸಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಆದುದರಿಂದ ನಮ್ಮ ಸಲಹೆಗಳು ಮೂರು. ಮೊದಲನೆಯದಾಗಿ, ವರ್ಗೀಕರಣವನ್ನು ಬಯಲಿನಲ್ಲಿ ಕಲಿಸಬೇಕು. ಹೂವನ್ನು ಕೈಯಲ್ಲಿ ಹಿಡಿದು, ಎಸಳು ಬಿಡಿಸಿ, ಕೇಸರ ಎಣಿಸದೆ ಈ ವಿದ್ಯೆಯು ಬಾರದು. ಗಂಡುಮಕ್ಕಳು ಗುಡ್ಡ ಹತ್ತಿ ಗಿಡ ತರುವಾಗ ಹೆಣ್ಣುಮಕ್ಕಳು ಹಲಗೆಯ ಮೇಲಿನ ಚಿತ್ರವನ್ನು ನಕಲು ಮಾಡುವ ಪದ್ಧತಿಯು ನಿಲ್ಲಬೇಕು. ಬಿಸಿಲು, ಮುಳ್ಳು, ಹಾವು, ಜನರ ಮಾತು ಎಂದು ತಾಯ್ತಂದೆಗಳು ಅಂಜುವುದನ್ನು ನಾವು ಬಲ್ಲೆವು. ಉಪಾಧ್ಯಾಯಿನಿಯರ ಜೊತೆಯೂ ಕಾಲಿಗೆ ಗಟ್ಟಿಯಾದ ಪಾದರಕ್ಷೆಯೂ ಇದ್ದರೆ ಮೊದಲ ಮೂರು ಭಯಗಳು ಕಳೆಯುವುವು. ನಾಲ್ಕನೆಯದನ್ನು ಕಳೆಯತಕ್ಕವರು ತಾಯ್ತಂದೆಗಳೇ. ಎರಡನೆಯದಾಗಿ, ಪ್ರತಿ ಶಾಲೆಯಲ್ಲಿಯೂ ಸುತ್ತಲಿನ ಸಸ್ಯಗಳ ಸಂಗ್ರಹವೊಂದು ಇರಬೇಕು. ಹಳೆಯ ವೃತ್ತಪತ್ರಿಕೆ, ಭಾರವಾದ ಕಲ್ಲು, ದಪ್ಪ ಕಾಗದ, ಸೂಜಿದಾರ ಇಷ್ಟರ ಹೊರತು ಇದಕ್ಕೆ ಬೇರೆ ವೆಚ್ಚವಿಲ್ಲ. ಕಿತ್ತ ಸ್ಥಳ, ದಿನ, ಊರಿನ ಹೆಸರು, ಶಾಸ್ತ್ರದ ಹೆಸರು, ಕಿತ್ತವಳ ಹೆಸರು ಇವನ್ನು ತಪ್ಪದೆ ಬರೆಯಬೇಕು. ಕೆರೆಯನ್ನು ಮುಚ್ಚಿದ ಮೇಲೆಯೂ ಅಲ್ಲಿ ನೈದಿಲೆ ಇದ್ದಿತೆಂಬುದಕ್ಕೆ ಆ ಹಾಳೆಯೇ ಸಾಕ್ಷಿಯಾಗುವುದು. ಪರೀಕ್ಷೆಯ ಅಂಕಗಳಿಗೆ ಇದರಿಂದ ಹಾನಿಯೆಂಬ ಮಾತು ನಿಲ್ಲಲಾರದು. ಕಂಡುದು ಓದಿದುದಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿರುವುದು.

ಮೂರನೆಯ ಸಲಹೆಯು ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಿಗೆ. ನಿಮ್ಮ ನಿಮ್ಮ ಊರುಗಳಲ್ಲಿ ಗಿಡಮೂಲಿಕೆಗಳನ್ನು ಬಲ್ಲ ವೃದ್ಧೆಯರು ಇನ್ನೂ ಇರುವರು. ಅವರ ಬಾಯಿಂದ ಹೆಸರುಗಳನ್ನು ಕೇಳಿ ಬರೆದಿಡಿರಿ. ಹೇಳಿದವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆಯಿರಿ. ರಾಕ್ಸ್‌ಬರಿಯ ಚಿತ್ರಕಾರರಿಗೆ ಆದ ಅನ್ಯಾಯವು ಇವರಿಗೂ ಆಗಬಾರದು. ನಿಮ್ಮ ಹೆಣ್ಣುಮಕ್ಕಳಲ್ಲಿ ಯಾರಾದರೂ ಸಸ್ಯಶಾಸ್ತ್ರವನ್ನು ಮುಂದಕ್ಕೆ ಓದಬೇಕೆಂದು ಬಯಸಿದರೆ, ಅದರಿಂದ ಬರುವ ಸಂಬಳವೆಷ್ಟೆಂದು ಮಾತ್ರ ಕೇಳಿ ಅವರನ್ನು ತಡೆಯದಿರಿ. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಶಾಸ್ತ್ರಕ್ಕೆ ತಿಳಿಯದಿದ್ದ ಪ್ರಭೇದಗಳು ಇಂದಿಗೂ ದೊರೆಯುತ್ತಲಿರುವುವು. ಕಾಡು ಕರಗುತ್ತಲೂ ಇರುವುದು. ಹೆಸರಿಡುವ ಮುನ್ನವೇ ಅಳಿದ ಗಿಡಕ್ಕಾಗಿ ಮರುಗುವವರೂ ಇರರು.

ಸೃಷ್ಟಿಯ ವಸ್ತುಗಳನ್ನು ಹೆಸರು ಹಿಡಿದು ಕರೆಯುವುದು ಮನುಷ್ಯನಿಗೆ ದೊರೆತ ಮೊದಲ ಗೌರವಗಳಲ್ಲಿ ಒಂದು. ಆ ಗೌರವದಲ್ಲಿ ನಮ್ಮ ಹೆಣ್ಣುಮಕ್ಕಳಿಗೂ ಸಮಪಾಲು ಸಲ್ಲಲಿ. ಮುಂದೆ ಇಂತಹ ಚರಿತ್ರೆಯನ್ನು ಬರೆಯುವವರು ನಮ್ಮಂತೆ ಒಬ್ಬಿಬ್ಬರ ಹೆಸರನ್ನು ಹುಡುಕಿ ತೆಗೆಯುವಂತಾಗದೆ, ಅನೇಕ ಹೆಸರುಗಳಲ್ಲಿ ಯಾವುದನ್ನು ಬಿಡುವುದೆಂದು ಚಿಂತಿಸುವಂತಾಗಲಿ ಎಂಬುದೇ ನಮ್ಮ ಹಾರೈಕೆ.